ಒಣ ತೂಕ

ಬೆಳಗ್ಗೆ ಎದ್ದಾಗಿನಿಂದ ಜಯತೀರ್ಥನ ಕಣ್ಣ ಮುಂದೆ ಒಂದೇ ದೃಶ್ಯ. ಸಭೆ ತುಂಬಿದೆ, ವೇದಿಕೆಯ ಮೇಲೆ ಪ್ರೊಫೆಸರ್ ಬಸಂತರಾಯರು ಕೂತಿದ್ದಾರೆ, ತಾನು ಎದ್ದು ನಿಂತು ಒಂದು ಪ್ರಶ್ನೆ ಕೇಳುತ್ತಾನೆ, ಅವರ ಮುಖದ ಬಣ್ಣ ಇಳಿಯುತ್ತದೆ. ಹನ್ನೆರಡು ವರ್ಷಗಳಿಂದ ಈ ದೃಶ್ಯವನ್ನು ಅವನು ಎಷ್ಟು ಸಲ ಆಡಿಸಿ ನೋಡಿದ್ದನೆಂದರೆ, ಆ ಬಣ್ಣ ಮೊದಲು ಹಣೆಯಿಂದ ಇಳಿಯುತ್ತದೋ ಗದ್ದದಿಂದಲೋ ಎಂಬುದೂ ಅವನಿಗೆ ಬಾಯಿಪಾಠವಾಗಿತ್ತು. ಗಡ್ಡ ಬೋಳಿಸಿಕೊಳ್ಳುತ್ತ ಕನ್ನಡಿಗೆ ಆ ಪ್ರಶ್ನೆಯನ್ನು ಮೆಲ್ಲಗೆ ಕೇಳಿ ನೋಡಿದ. “ಸರ, ನಲವತ್ತೊಂದರಿಂದ ಅರವತ್ತನೇ ನಂಬರಿನ ಚೀಲಗಳ ಎರಡನೇ ತೂಕ ಯಾವ ತಾರೀಖಿಗೆ ಆತು?” ಕೊನೆಗೆ ದನಿ ನಡುಗಿತು. ಛೇ, ನಡುಗಬಾರದು. ಇನ್ನೊಮ್ಮೆ ಕೇಳಿದ. ಈ ಸಲ ದನಿ ನೆಟ್ಟಗಿತ್ತು, ಆದರೆ ಬ್ಲೇಡು ಕಿವಿಯ ಕೆಳಗೆ ಗೀರಿ ರಕ್ತ ಬಂತು.

“ಯಾರ ಜೋಡಿ ಮಾತಾಡ್ಲಿಕತ್ತೀರಿ?” ಅಡಿಗೆಮನೆಯಿಂದ ಹೆಂಡತಿ ವಸುಧಾ ಕೇಳಿದಳು.

“ಯಾರ ಜೋಡಿನೂ ಇಲ್ಲ.”

“ಹಂಗಾದ್ರ ಬಂದು ಅವಲಕ್ಕಿ ತಿನ್ರಿ. ಇವತ್ತೇನು ಏಕಾದಶಿ ಅಲ್ಲ, ಖಾಲಿ ಹೊಟ್ಟೀಲೆ ಹೋಗಬ್ಯಾಡ್ರಿ.”

ಏಕಾದಶಿ. ಮುನ್ನೂರರವತ್ತೈದು ದಿನ ಬಿಟ್ಟು ಈ ಶಬ್ದ ಇವತ್ತೇ ಇವಳ ಬಾಯಿಗೆ ಬರಬೇಕಿತ್ತೆ? ಅವನು ಕೂತು ಅವಲಕ್ಕಿ ತಿಂದ. ಮದುವೆಯಾಗಿ ಏಳು ವರ್ಷವಾಗಿತ್ತು. ಪ್ರೊಫೆಸರರು ತನಗೆ ಮಾಡಿದ ಅವಮಾನವನ್ನು ವಸುಧಾಳಿಗೆ ನೂರು ಸಲ ಹೇಳಿದ್ದ, ಅವಳೂ ನೂರು ಸಲ ಪ್ರೊಫೆಸರರಿಗೆ ಶಾಪ ಹಾಕಿದ್ದಳು. ಹೇಳದೆ ಉಳಿಸಿಕೊಂಡದ್ದು ಒಂದೇ ಒಂದಿತ್ತು. ಅದು ಟ್ರಂಕಿನ ತಳದಲ್ಲಿ, ಅಪ್ಪನ ಹಳೆಯ ಶಲ್ಯದಲ್ಲಿ ಸುತ್ತಿಟ್ಟ ರಟ್ಟಿನ ನೋಟಬುಕ್ಕಿನೊಳಗಿತ್ತು. ಅವಳು ಬಚ್ಚಲಿಗೆ ಹೋದ ಹೊತ್ತು ನೋಡಿ ಅದನ್ನು ತೆಗೆದು ಬಗಲಚೀಲಕ್ಕೆ ಸೇರಿಸಿದ. ಇವತ್ತು ಕಾಲೇಜಿನಲ್ಲಿ ಬಂಜರು ಭೂಮಿಯಲ್ಲಿ ಗಿಡ ನೆಡುವ ಬಗ್ಗೆ ಒಂದು ದಿನದ ಸಭೆಯಿತ್ತು. ಮುಖ್ಯ ಭಾಷಣ ಬಸಂತರಾಯರದು. ಅದೇ ಕಾಲೇಜಿನಲ್ಲಿ ಹತ್ತು ವರ್ಷಗಳಿಂದ ಸಸ್ಯಶಾಸ್ತ್ರದ ಪ್ರಯೋಗಾಲಯದ ಸಹಾಯಕನಾಗಿ ಗಾಜಿನ ಪಟ್ಟಿ ತೊಳೆಯುತ್ತಿದ್ದ ಜಯತೀರ್ಥನಿಗೆ ಕುರ್ಚಿ ಹಾಕಿಸುವ ಕೆಲಸ ಕೊಟ್ಟಿದ್ದರು. ಅವನು ನಿನ್ನೆಯೇ ಹಾಕಿಸಿ ಮುಗಿಸಿದ್ದ. ಹಾಕಿಸುವಾಗಲೇ ತಾನು ಎಲ್ಲಿ ಕೂರಬೇಕೆಂದು ಗುರುತು ಮಾಡಿಕೊಂಡಿದ್ದ, ಎಡಗಡೆ ಮೂರನೆಯ ಸಾಲು, ನಡುವಿನ ದಾರಿಯ ಪಕ್ಕ. ಅಲ್ಲಿಂದ ಎದ್ದರೆ ವೇದಿಕೆಗೆ ನೆಟ್ಟಗೆ ಕಾಣುತ್ತದೆ.

ಮನೆಯಿಂದ ಕಾಲೇಜಿಗೆ ಎರಡು ದಾರಿ. ಹತ್ತಿರದ ದಾರಿ ಅಬ್ದುಲಗನಿಯ ಬೇಕರಿಯ ಮುಂದೆ ಹಾದುಹೋಗುತ್ತದೆಂದು ಅವನು ಹತ್ತು ವರ್ಷ ಮಾರ್ಕೆಟ್ ಯಾರ್ಡು ಸುತ್ತಿಕೊಂಡು ಓಡಾಡಿದ್ದ. ಇವತ್ತು ಕಾಲು ತಾವಾಗಿ ಬೇಕರಿಯ ದಾರಿ ಹಿಡಿದವು. ಗೆಲ್ಲಲು ಹೊರಟವನಿಗೆ ಯಾವ ಬೀದಿಯ ಹೆದರಿಕೆ? ಬೇಕರಿಯ ಹಿಂದಿನ ಗೋಡೆಯ ಹತ್ತಿರ ಬಂದಾಗ ಬ್ರೆಡ್ಡಿನ ಬಿಸಿ ವಾಸನೆ ಮೂಗಿಗೆ ಬಡಿಯಿತು. ಈಗಷ್ಟೇ ತಿಂದುಬಂದ ಹೊಟ್ಟೆ ಕೂಡ ನಾಚಿಕೆಯಿಲ್ಲದೆ ಗುರುಗುಟ್ಟಿತು. ಹನ್ನೆರಡು ವರ್ಷದ ಹಿಂದೆ ಅವನಿಗೆ ಇಪ್ಪತ್ತೇಳು. ಎಮ್ಮೆಸ್ಸಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದ. ಬಸಂತರಾಯರು ಹೊಸದೊಂದು ಅಧ್ಯಯನ ಶುರುಮಾಡಿದ್ದರು. ಗಿಡ ಗಾಳಿಯಿಂದ ಎಳೆದುಕೊಂಡ ಇಂಗಾಲ ಅದರ ಕಟ್ಟಿಗೆಯಲ್ಲಿ, ಬೇರಿನಲ್ಲಿ ಕೂಡಿರುತ್ತದಲ್ಲ, ಅದು ಯಾವ ತರಹದ ಕಾಡಿನಲ್ಲಿ ಎಕರೆಗೆ ಎಷ್ಟಿದೆ ಎಂದು ಹೋಲಿಸಿ ನೋಡುವುದು. ಇಂಡಿ ತಾಲೂಕಿನ ಹಳ್ಳದ ದಂಡೆಯ ಬಳ್ಳಾರಿ ಜಾಲಿ, ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ ಬದುಗಳ ಬೇವು, ಮುದ್ದೇಬಿಹಾಳದ ನೀಲಗಿರಿ ತೋಪು, ಸಿಂದಗಿ ತಾಲೂಕಿನ ಕನ್ನೊಳ್ಳಿಯ ಮುಳ್ಳುಪೊದೆಗಳ ಕಂಟಿಕಾಡು. ನಮ್ಮ ಕಡೆಗೆ ಕಾಡೆಲ್ಲಿದೆ ಎಂದು ಜನ ನಗುತ್ತಿದ್ದರು. ಜಯತೀರ್ಥ ನಗಲಿಲ್ಲ. ಗಿಡದ ಸುತ್ತಳತೆ ಹಿಡಿದ, ಆಯ್ದ ಗಿಡ ಕಡಿಸಿದ, ಜೀಪಿಗೆ ತಕ್ಕಡಿ ತೂಗಹಾಕಿ ಹಸಿ ಕಟ್ಟಿಗೆ ತೂಗಿದ, ಒಂದೊಂದರಿಂದ ಹಿಡಿಯಷ್ಟು ಚೂರು ತೆಗೆದು ನಂಬರು ಬರೆದ ಬಟ್ಟೆಚೀಲಕ್ಕೆ ತುಂಬಿದ. ಒಂದೊಂದು ಕಾಡಿಗೆ ಇಪ್ಪತ್ತು ಚೀಲ. ಆ ಚೂರು ಪೂರ್ತಿ ಒಣಗಿದ ಮೇಲೆ ತೂಗಿದರೆ ನೀರೆಷ್ಟು, ನಿಜವಾದ ಕಟ್ಟಿಗೆ ಎಷ್ಟು ಗೊತ್ತಾಗುತ್ತದೆ. ಅದರ ಅರ್ಧ ಇಂಗಾಲ. ಪ್ರಯೋಗಾಲಯದ ಒಣಗಿಸುವ ಪೆಟ್ಟಿಗೆ ಕೆಟ್ಟು ಕೂತಿತ್ತು. ಆಗ ಬಸಂತರಾಯರೇ ಅಬ್ದುಲಗನಿಯನ್ನು ಒಪ್ಪಿಸಿ, ಬ್ರೆಡ್ಡು ತೆಗೆದ ಮೇಲೆ ಭಟ್ಟಿಯಲ್ಲಿ ಉಳಿದ ಕಾವಿಗೆ ಚೀಲ ಇಡುವ ಏರ್ಪಾಡು ಮಾಡಿದರು. ಒಂದು ದಿನ ಇಟ್ಟು ತೂಗಬೇಕು, ಮತ್ತೊಂದು ದಿನ ಇಟ್ಟು ಮತ್ತೆ ತೂಗಬೇಕು, ಎರಡೂ ತೂಕ ಒಂದೇ ಬಂದರೆ ಒಣಗಿತೆಂದು ಲೆಕ್ಕ. ಬೇಕರಿಯಿಂದ ಮನೆಗೆ ಬಂದರೆ ಅವ್ವ ಹಿತ್ತಲ ನಲ್ಲಿಯ ಕೆಳಗೆ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದೇ ಒಳಗೆ ಬಿಡುತ್ತಿದ್ದಳು. ತತ್ತಿಯ ವಾಸನೆ ಅದ, ಹೊರಗ ನಿಲ್ಲು. ಅವನು ಅದನ್ನೂ ಸಹಿಸಿದ್ದ.

ಜಾಲಿಯ ಚೀಲ ಮುಗಿದವು, ಬೇವಿನವು ಮುಗಿದವು. ನೀಲಗಿರಿಯ, ನಲವತ್ತೊಂದರಿಂದ ಅರವತ್ತರವರೆಗಿನ, ಇಪ್ಪತ್ತು ಚೀಲದ ಮೊದಲ ತೂಕವಾಗಿ ಎರಡನೆಯದು ಬಾಕಿಯಿದ್ದ ದಿನ ಏಕಾದಶಿ. ಅವರ ಮನೆಯಲ್ಲಿ ಏಕಾದಶಿಯೆಂದರೆ ತೀರ್ಥ ಬಿಟ್ಟು ಒಂದು ಹನಿ ನೀರೂ ಇಲ್ಲ. ಅವನು ಬೆಳಗ್ಗೆ ಹೊರಟ, ಬೇಕರಿಯ ಈ ಹಿಂದಿನ ಗೋಡೆಯವರೆಗೂ ಬಂದ. ವಾಸನೆ ಬಂತು. ಇಪ್ಪತ್ತೇಳು ವರ್ಷದ ಹೊಟ್ಟೆ ಹಸಿದ ದನದ ಹಾಗೆ ಎಳೆಯಿತು. ಒಳಗೆ ಹೋಗಿ ಆ ಕಾವಿನಲ್ಲಿ ಇಪ್ಪತ್ತು ಚೀಲ ಒಂದೊಂದಾಗಿ ತೂಗುವಷ್ಟರಲ್ಲಿ ತಾನು ಕೈ ಚಾಚಿ ಒಂದು ತುಂಡು ಬಾಯಿಗೆ ಹಾಕಿಕೊಂಡೇಬಿಡುತ್ತೇನೆ ಎಂದು ಅವನಿಗೆ ನಿಜವಾಗಿ ಭಯವಾಯಿತು. ತಿರುಗಿ ಮನೆಗೆ ಹೋದ. ಪಡಸಾಲೆಯ ಕಂಬಕ್ಕೊರಗಿ, ಮೊದಲ ತೂಕದ ಪಕ್ಕದಲ್ಲಿ ಅದೇ ತೂಕವನ್ನು ಬರೆಯುತ್ತ ಹೋದ, ನೋಡಲಿಕ್ಕೆ ಚಂದವಿರಲೆಂದು ಅಲ್ಲೊಂದು ಇಲ್ಲೊಂದು ಗ್ರಾಂ ಕಡಿಮೆ ಮಾಡಿ. ಸಂಜೆ ಜೀಪಿನ ಚಾಲಕ ಕುತುಬುದ್ದೀನ ಬಂದು ಆ ಹಾಳೆ ಒಯ್ದ. ಮರುದಿನ ದ್ವಾದಶಿ, ಪಾರಣೆಯ ಊಟ ಮುಗಿಸಿ ತುಂಬಿದ ಹೊಟ್ಟೆಯಲ್ಲಿ ಬೇಕರಿಗೆ ಹೋಗಿ ತೂಗಿದರೆ, ಇಪ್ಪತ್ತೂ ಚೀಲ ಐದರಲ್ಲಿ ಒಂದು ಪಾಲು ಇಳಿದಿದ್ದವು. ಖರೆ ತೂಕವನ್ನು ನೋಟಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದ, ಮರುದಿನ ಮತ್ತೆ ತೂಗಿ ಅದೇ ಬಂತೆಂದು ಖಾತ್ರಿ ಮಾಡಿಕೊಂಡ.

ಆದರೆ ಅದನ್ನು ಅವನು ಹೀಗೆ ನೆನೆಯುತ್ತಿರಲಿಲ್ಲ. ಅವನ ನೆನಪು ಶುರುವಾಗುತ್ತಿದ್ದದ್ದು ಸಿಂದಗಿಯಲ್ಲಿ, ಬಸಂತರಾಯರ ಮನೆಯ ಕಟ್ಟೆಯ ಮೇಲೆ. ಖರೆ ತೂಕ ತೋರಿಸಲೆಂದು ನೋಟಬುಕ್ಕು ಹಿಡಿದು ಹೋಗಿದ್ದ. ಒಳಗೆ ಪುಣೆಯಿಂದ ಬಂದ ಯಾರೋ ದೊಡ್ಡ ವಿದ್ವಾಂಸರಿದ್ದರು. ಕಿಟಕಿಯಿಂದ ಅವರು ಹೊರಗೆ ನೋಡಿ ಯಾರೆಂದು ಕೇಳಿದರು. ಬಸಂತರಾಯರ ದನಿ ಯಾವತ್ತೂ ಸಣ್ಣದಲ್ಲ. “ಅವನಾ? ಅವ ಆಚಾರಿ. ತಕ್ಕಡಿ ಹಿಡಿಯಾಕ ಇಟಗೊಂಡೇನಿ.” “ಹೆಸರು?” “ತಕ್ಕಡಿ ಹಿಡಿಯಾವನ ಹೆಸರ ತಗೊಂಡು ಏನ್ಮಾಡ್ತೀರಿ ಬಿಡ್ರಿ.” ಇಬ್ಬರೂ ನಕ್ಕರು. ಆಮೇಲೆ ಹೊರಗೆ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಅವನು ಕುಡಿದ. ಕುಡಿದು ಲೋಟ ತಾನೇ ತೊಳೆದು ಬೋರಲು ಇಟ್ಟು, ನೋಟಬುಕ್ಕು ಬಿಚ್ಚದೆ ಬಸ್ಸು ಹತ್ತಿದ. ಇಷ್ಟು ವರ್ಷವಾದ ಮೇಲೆ ಆ ಮಾತಿಗಿಂತ ಆ ಚಹಾ ಕುಡಿದದ್ದೇ ಹೆಚ್ಚು ಸುಡುತ್ತಿತ್ತು. ಮರುವರ್ಷ ವರದಿ ಅಚ್ಚಾಗಿ ಬಂತು. ನಾಲ್ಕು ಕಾಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇಂಗಾಲ ಹಿಡಿದದ್ದು ನೀಲಗಿರಿ, ಕಂಟಿಕಾಡು ಅದರ ಹಿಂದೆ. ಕೆಂಪು ಶಾಯಿಯ ಲೆಕ್ಕದಲ್ಲಿ ಅದು ತಲೆಕೆಳಗು. ಕೊನೆಯ ಪುಟದಲ್ಲಿ ನೆರವಾದವರನ್ನು ನೆನೆದಿದ್ದರು, ಜೀಪಿನ ಚಾಲಕ ಕುತುಬುದ್ದೀನ, ಬೇಕರಿಯ ಅಬ್ದುಲಗನಿ ಮತ್ತು ಆಚಾರಿ. ಅಚ್ಚಿನಲ್ಲಿ ಆಚಾರಿ! ಆಚಾರ್ಯರ ಮನೆತನವನ್ನು ಚುಡಾಯಿಸಿ ಕರೆಯುವ ಶಬ್ದವೇ ಅವನ ಹೆಸರಾಗಿತ್ತು. ಅವತ್ತೇ ಅವನು ನೋಟಬುಕ್ಕನ್ನು ಶಲ್ಯದಲ್ಲಿ ಸುತ್ತಿದ. ಹೇಳುವುದಿಲ್ಲ, ಮೆರೆಯಲಿ, ಇನ್ನೂ ಮೇಲೇರಲಿ, ಎತ್ತರದಿಂದ ಬೀಳಲಿ. ಆ ವರದಿ ನೋಡಿ ಅರಣ್ಯ ಇಲಾಖೆಯವರು ಒಂದು ಗುಡ್ಡದ ಕಂಟಿ ಸವರಿ ನೀಲಗಿರಿ ಹಚ್ಚಿದರು, ನಾಲ್ಕು ವರ್ಷಕ್ಕೆ ಇನ್ನೊಂದು. ಬಸ್ಸಿನಲ್ಲಿ ಹೋಗುವಾಗ ಆ ನೀಲಗಿರಿಯ ಬೋಳು ಸಾಲು ಕಂಡಾಗೆಲ್ಲ ಜಯತೀರ್ಥನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಪ್ರೊಫೆಸರರ ಪಾಪದ ಕೊಡ ತುಂಬುತ್ತಿದೆಯೆಂದು.

ಸಭೆಯ ಬಾಗಿಲಲ್ಲಿ ಗಡ್ಡಕ್ಕೆ ಮೆಹಂದಿ ಹಚ್ಚಿದ ಮುದುಕನೊಬ್ಬ ಅವನ ಕೈ ಹಿಡಿದುಕೊಂಡ. ಕುತುಬುದ್ದೀನ.

“ಸಲಾಮ್ರಿ ಸರ. ಗುರ್ತ ಹತ್ತಲಿಲ್ಲೇನ್ರಿ? ಸಾಹೇಬ್ರು ಬರಾಕತ್ತಾರಂತ ಕೇಳಿ ಇಂಡಿಯಿಂದ ಬಸ್ ಹತ್ತಿ ಬಂದೇನಿ.” ಅವನು ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ಕಿನಲ್ಲಿ ಹೊದಿಸಿದ ಒಂದು ಹಾಳೆ ತೆಗೆದ. ಅದೇ ಕೊನೆಯ ಪುಟ. “ಮೊಮ್ಮಕ್ಕಳಿಗೆ ತೋರಸ್ತಿರ್ತೀನ್ರಿ. ನಿಮ್ಮ ಹೆಸರೂ ನೀಟಾಗಿ ಹಾಕಬೇಕಿತ್ತು. ನಾ ಅವಾಗಽ ಸಾಹೇಬ್ರಿಗೆ ಹೇಳಿದ್ನಿ.”

ನನ್ನ ಪರವಾಗಿ ಮಾತಾಡಲು ಜೀಪಿನ ಡ್ರೈವರೇ ಬೇಕಾಯಿತೆ ಎಂದು ಜಯತೀರ್ಥನಿಗೆ ಮೈ ಉರಿಯಿತು, ಮರುಕ್ಷಣ ಹಾಗೆ ಉರಿದದ್ದಕ್ಕೇ ನಾಚಿಕೆಯಾಯಿತು. ಬಿಸಿಲಿನಲ್ಲಿ ಬೇರು ಅಗೆಯುವಾಗ ತನ್ನ ಜೊತೆ ಹಾರೆ ಕೈಗೆ ತೆಗೆದುಕೊಂಡವನು ಇವನೊಬ್ಬನೇ. ಇಬ್ಬರೂ ಮೂರನೆಯ ಸಾಲಿನಲ್ಲಿ ಕೂತರು.

ಬಸಂತರಾಯರು ಮುದುಕರಾಗಿದ್ದರು. ಇದಕ್ಕೆ ಅವನು ತಯಾರಾಗಿರಲಿಲ್ಲ. ಅವನ ದೃಶ್ಯದಲ್ಲಿ ಅವರಿಗೆ ಯಾವಾಗಲೂ ಐವತ್ತು ವರ್ಷ, ದಟ್ಟ ಮೀಸೆ. ಈಗ ಮೀಸೆಯಿರಲಿಲ್ಲ, ಮೈಕಿನ ಕಂಬ ಹಿಡಿದ ಕೈ ಅಲುಗುತ್ತಿತ್ತು. ದನಿ ಮಾತ್ರ ಅದೇ. ಇಂಗಾಲದ ಲೆಕ್ಕವನ್ನು ರೈತರಿಗೂ ತಿಳಿಯುವ ಹಾಗೆ ಹೇಳಿದರು, ಎಲ್ಲರೂ ತಲೆದೂಗಿದರು. ಚಂದ ಮಾತಾಡುತ್ತಾನೆ ಮುದುಕ ಎಂದುಕೊಂಡು ಜಯತೀರ್ಥ ತೊಡೆಯ ಮೇಲಿನ ಚೀಲವನ್ನು ಬಿಗಿಯಾಗಿ ಹಿಡಿದ. ಅಷ್ಟರಲ್ಲಿ ಅವರು ಕನ್ನೊಳ್ಳಿಯ ಹೆಸರೆತ್ತಿದರು. “ಕನ್ನೊಳ್ಳಿ ಮಗ್ಗಲ ಮುನ್ನೂರು ಎಕರೆ ಕಂಟಿ ಐತಿ. ಈ ಮಳಿಗಾಲದ ಮುಂದ ಅದನ್ನ ಪೂರ್ತಿ ಸವರಿ ನೀಲಗಿರಿ ಹಚ್ಚಬೇಕಂತ ನಿರ್ಣಯ ಆಗೇತಿ. ನಮ್ಮ ವರದೀನಽ ಅದಕ್ಕ ಆಧಾರ.” ಚಪ್ಪಾಳೆ ಬಿತ್ತು.

ಕನ್ನೊಳ್ಳಿಯ ಕಂಟಿ. ಅಲ್ಲಿ ಅವನು ಒಂದು ಬೋರೆಹಣ್ಣಿನ ಬಾರಿಕಂಟಿಯ ಬೇರಿನ ಬೆನ್ನು ಹತ್ತಿ ಮೂರು ದಿನ ಅಗೆದಿದ್ದ. ಮೇಲೆ ಮೊಣಕಾಲೆತ್ತರದ ಗಿಡ, ಕೆಳಗೆ ಆಳಿನೆತ್ತರ ಅಗೆದರೂ ಬೇರು ಮುಗಿಯಲೊಲ್ಲದು. ಆಡು ಮೇಯಿಸುವ ಮುದುಕಿ ಪೀರಬಿ ದಿನವೂ ಬಂದು ಗುಂಡಿಯ ದಂಡೆಗೆ ಕೂರುತ್ತಿದ್ದಳು. “ಹೊರಗಿಂದ ನೋಡಿದ್ರ ಏನೂ ಕಾಣಾಂಗಿಲ್ರಿ ಸಾಹೇಬ್ರ. ಎಲ್ಲಾ ಒಳಗಽ ಇಟಗೊಂಡಿರ್ತೈತಿ,” ಎಂದಿದ್ದಳು. ಕೊಡದಿಂದ ನೀರು ಬಗ್ಗಿಸಿ ಕೊಡುವಾಗ, ನಮ್ಮ ಕೈಯ ನೀರು ನಡೀತೈತೇನ್ರಿ ಎಂದು ಕೇಳಿದ್ದಳು. ಅವನು ಕುಡಿದಿದ್ದ. ಅದನ್ನು ಅವ್ವನಿಗೆ ಹೇಳಿರಲಿಲ್ಲ. ಆ ಗುಂಡಿ, ಆ ಆಡು, ಆ ಮುದುಕಿ ಇನ್ನೂ ಇದ್ದರೆ, ಮಳೆಗಾಲದ ಮುಂಚೆ ಎಲ್ಲ ಸಾಫು.

“ಯಾರಿಗಾದ್ರೂ ಪ್ರಶ್ನಿ ಕೇಳೋದೈತೇನ್ರಿ?” ಸಭೆ ನಡೆಸುತ್ತಿದ್ದವರು ಕೇಳಿದರು.

ಜಯತೀರ್ಥ ಎದ್ದು ನಿಂತ. “ಸರ, ನಲವತ್ತೊಂದರಿಂದ...”

“ಅರೆ! ಆಚಾರಿ!” ಬಸಂತರಾಯರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಅವರ ಮುಖದ ಬಣ್ಣ ಇಳಿಯಲಿಲ್ಲ, ಏರಿತು. “ಬರ್ರಿ, ಮ್ಯಾಲ ಬರ್ರಿ. ಏ, ಅವ್ರನ್ನ ಕರಕೊಂಡ ಬರ್ರಿ.” ಯಾರೋ ಅವನ ರಟ್ಟೆ ಹಿಡಿದರು, ಕುತುಬುದ್ದೀನ ಹಿಂದಿನಿಂದ ನೂಕಿದ. ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಜಯತೀರ್ಥ ವೇದಿಕೆಯ ಮೇಲಿದ್ದ. ಬಸಂತರಾಯರ ಅಲುಗುವ ಕೈ ಅವನ ಹೆಗಲ ಮೇಲಿತ್ತು. “ನೋಡ್ರಿ, ಈ ವರದಿ ಮ್ಯಾಲ ನನ್ನ ಹೆಸರೈತಿ. ಆದ್ರ ಇದರಾಗಿನ ಒಂದೊಂದು ಅಂಕಿ ಈ ಮನಶ್ಯಾಂದು. ಬಿಸಿಲಾಗ ಅಗದಾರ, ಬೇಕರಿ ಭಟ್ಟಿ ಮುಂದ ಕುಂತು ತೂಗ್ಯಾರ. ನಾ ಒಂದ ತೂಕಾನೂ ತಿರುಗಿ ನೋಡಲಿಲ್ಲ. ನೋಡೋ ಗರಜೇ ಇರಲಿಲ್ಲ. ಅವತ್ತ ಹೇಳಬೇಕಿತ್ತು, ಸೊಕ್ಕಿತ್ತು, ಹೇಳಲಿಲ್ಲ. ಇವತ್ತ ಹೇಳಾಕತ್ತೇನಿ.” ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಅವರು ಅವನಿಗೆ ಹೊದಿಸಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಕುತುಬುದ್ದೀನ ಎದ್ದು ನಿಂತು ತಟ್ಟುತ್ತಿದ್ದ.

ಜಯತೀರ್ಥನಿಗೆ ಸುಖವಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹನ್ನೆರಡು ವರ್ಷ ನೆತ್ತಿಯ ಮೇಲೆ ಹೊತ್ತ ಉರಿ ಆ ಹತ್ತಿಪ್ಪತ್ತು ಕ್ಷಣ ತಣ್ಣಗಾಯಿತು, ಕೈ ತಾವಾಗಿ ಮುಗಿದವು, ಬಾಯಿ ತಾನಾಗಿ ನಕ್ಕಿತು. ವಸುಧಾ ನೋಡಬೇಕಿತ್ತು ಎನಿಸಿತು. ನಂತರ ಬಗಲಚೀಲ ಶಾಲಿನಡಿಯಲ್ಲಿ ಪಕ್ಕೆಗೆ ಒತ್ತಿತು. ಒಂದೊಂದು ಅಂಕಿ ಈ ಮನುಷ್ಯನದು. ಮುದುಕ ಎಷ್ಟು ಸಲೀಸಾಗಿ ಎಲ್ಲವನ್ನೂ ತನ್ನ ಕೈಗೆ ದಾಟಿಸಿಬಿಟ್ಟನಲ್ಲ! ಈಗ ನೋಟಬುಕ್ಕು ತೆಗೆದರೆ ಬೀಳುವವರು ಯಾರು? ಅದರಲ್ಲಿ ತಾರೀಖಿದೆ. ಗುರುವಾರ ಏಕಾದಶಿ, ಸುಳ್ಳು ತೂಕ. ಶುಕ್ರವಾರ ಕೆಂಪು ಶಾಯಿ. ಸಿಂದಗಿಯ ಕಟ್ಟೆ, ಆ ನಗು, ಆ ಚಹಾ, ಎಲ್ಲ ಭಾನುವಾರ. ಅವಮಾನವಾಗಿದ್ದರಿಂದ ತಾನು ಸುಮ್ಮನಾದೆ ಎಂದು ಇಷ್ಟು ವರ್ಷ ತನಗೇ ಹೇಳಿಕೊಂಡು ಬಂದಿದ್ದ. ಸುಳ್ಳು ಮಾತ್ರ ಅವಮಾನಕ್ಕಿಂತ ಮೂರು ದಿನ ಹಿರಿಯದು. ಆಮೇಲಿನ ಹನ್ನೆರಡು ವರ್ಷ? ಬೋಳಾದ ಎರಡು ಗುಡ್ಡ? ಅವನ್ನು ಬಸ್ಸಿನ ಕಿಟಕಿಯಿಂದ ನೋಡಿ ಖುಷಿಪಟ್ಟವನು ಯಾರು? ಪ್ರೊಫೆಸರರ ಮನೆ ಹುಡುಕಿಕೊಂಡು ಹೋದ ಸೇಡು, ಬಾಗಿಲು ಬಡಿದು, ಇದು ನನ್ನ ಮನೆಯಲ್ಲ ಎಂದು ತಿರುಗಿ ಅವನ ಹೊಸ್ತಿಲಿಗೇ ಬಂದು ಕೂತಿತ್ತು.

“ಎರಡ ಮಾತ ಆಡ್ರಿ,” ಎಂದು ಬಸಂತರಾಯರು ಮೈಕನ್ನು ಅವನ ಬಾಯಿಯ ಮಟ್ಟಕ್ಕೆ ಇಳಿಸಿದರು.

ಧನ್ಯವಾದ ಎಂದು ಹೇಳಿ ಇಳಿದುಬಿಡಬಹುದು. ಶಾಲು ಮನೆಗೆ ಒಯ್ಯಬಹುದು. ನೋಟಬುಕ್ಕನ್ನು ಹಂಡೆಯ ಒಲೆಗೆ ಹಾಕಬಹುದು. ಕನ್ನೊಳ್ಳಿಯ ಕಂಟಿ ಹೋಗುತ್ತದೆ, ಹೋದ ಎರಡು ಗುಡ್ಡದ ಜೊತೆ ಮೂರನೆಯದು. ಅವನಿಗೆ ಪೀರಬಿಯ ಕೊಡ ನೆನಪಾಯಿತು, ನೀರಿನ ರುಚಿಯೂ. ಆದರೆ ಅವನ ಬಾಯಿ ಬಿಡಿಸಿದ್ದು ಆ ನೆನಪೆಂದರೆ ಸುಳ್ಳಾಗುತ್ತದೆ. ಬಿಡಿಸಿದ್ದು ಸಿಟ್ಟು. ಯಾರನ್ನಾದರೂ ಇವತ್ತು ಬೀಳಿಸಲೇಬೇಕೆಂದು ಮನೆಯಿಂದ ಹೊರಟಿದ್ದ, ಬೀಳಿಸದೆ ಹೋಗಲು ಅವನಿಗೆ ಸಾಧ್ಯವೇ ಇರಲಿಲ್ಲ. ಅವನು ನೋಟಬುಕ್ಕು ತೆಗೆದು, ಕೆಂಪು ಶಾಯಿಯ ಪುಟ ಬಿಚ್ಚಿ ಮೇಜಿನ ಮೇಲೆ ಇಟ್ಟ.

“ನೀಲಗಿರಿ ತೂಕ ಸುಳ್ಳು,” ಎಂದ. ಮೈಕಿನಲ್ಲಿ ತನ್ನ ದನಿ ಯಾರದೋ ಅನ್ನಿಸಿತು. “ಆ ಇಪ್ಪತ್ತು ಚೀಲ ನಾ ಎರಡನೇ ಸಲ ತೂಗಲೇ ಇಲ್ಲ. ಮನ್ಯಾಗ ಕೂತು ಬರದೆ. ಖರೆ ತೂಕ ಇಲ್ಲಿ ಅದ. ನೀಲಗಿರಿಕಿಂತ ಕಂಟೀನಽ ಹೆಚ್ಚು ಹಿಡದದ. ಅದನ್ನ ಕಡೀಬ್ಯಾಡ್ರಿ.”

ಸಭೆಗೆ ಏನೂ ಅರ್ಥವಾಗಲಿಲ್ಲ. ವಿನಯದ ಮಾತೆಂದು ತಿಳಿದು ಹಿಂದಿನ ಸಾಲಿನಲ್ಲಿ ಯಾರೋ ಮತ್ತೆ ಚಪ್ಪಾಳೆ ಶುರುಮಾಡಿ ನಿಲ್ಲಿಸಿದರು. ಬಸಂತರಾಯರು ಕನ್ನಡಕ ಏರಿಸಿ ಪುಟದ ಮೇಲೆ ಬೆರಳಾಡಿಸುತ್ತ ಹೋದರು. ನಲವತ್ತೊಂದು, ನಲವತ್ತೆರಡು, ನಲವತ್ತಮೂರು. ಒಂದನ್ನೂ ಬಿಡಲಿಲ್ಲ. ಅರವತ್ತಕ್ಕೆ ಬಂದಾಗ ಆ ಕೈ ಅಲುಗುವುದು ನಿಂತಿತ್ತು. ಮುಖದ ಬಣ್ಣ ಇಳಿದಿತ್ತು. ಕೊನೆಗೂ ಇಳಿಯಿತು. ನೋಡಲು ಹನ್ನೆರಡು ವರ್ಷ ಕಾದದ್ದನ್ನು ಜಯತೀರ್ಥನಿಗೆ ನೋಡಲಾಗಲಿಲ್ಲ.

“ಅವತ್ತ ಯಾಕ ತೂಗಲಿಲ್ಲ?” ಅವರು ತಲೆಯೆತ್ತದೆ ಕೇಳಿದರು.

“ಏಕಾದಶಿ ಇತ್ರಿ,” ಎಂದ ಜಯತೀರ್ಥ. “ಬ್ರೆಡ್ಡಿನ ವಾಸನಿಗೆ ಹಸಿವು ತಡಕೊಳ್ಳಲಿಕ್ಕೆ ಆಗ್ತಿರಲಿಲ್ಲ.”

ಇದು ಎಲ್ಲರಿಗೂ ಅರ್ಥವಾಯಿತು. ಮೊದಲು ಮುಂದಿನ ಸಾಲು ನಕ್ಕಿತು, ಆಮೇಲೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಗದವರು ಇಬ್ಬರೇ. ಕುತುಬುದ್ದೀನ ತನ್ನ ಪ್ಲಾಸ್ಟಿಕ್ಕಿನ ಹಾಳೆಯನ್ನು ನೋಡುತ್ತ ಕೂತಿದ್ದ. ಬಸಂತರಾಯರು ವರದಿಯ ಪ್ರತಿಯನ್ನು ಎಳೆದುಕೊಂಡು, ನೀಲಗಿರಿಯ ಸಾಲಿನ ಮೇಲೆ ನಿಧಾನವಾಗಿ ಅಡ್ಡಗೆರೆ ಹೊಡೆದರು. ಪಕ್ಕದಲ್ಲಿ ಕೂತಿದ್ದ ಅರಣ್ಯ ಇಲಾಖೆಯ ಅಧಿಕಾರಿಗೆ, “ಕನ್ನೊಳ್ಳಿ ಕೆಲಸಾ ನಿಲ್ಲಸ್ರಿ,” ಎಂದಷ್ಟೇ ಹೇಳಿದರು. ಆಮೇಲೆ ಒಂದು ಖಾಲಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

“ತಿದ್ದುಪಡಿ ಅಚ್ಚ ಮಾಡಸಬೇಕಾಗ್ತೈತಿ. ಅದರಾಗ ನಿಮ್ಮ ಹೆಸರ ಮೊದಲ ಬರ್ತೈತಿ, ನನ್ನದು ಆಮ್ಯಾಲ. ಆಚಾರಿ ಅಂದ್ರ ನಡ್ಯಾಂಗಿಲ್ಲ,” ಎಂದರು. “ಪೂರ್ತಿ ಹೆಸರ ಹೇಳ್ರಿ.”

ನಗು ನಿಂತಿತ್ತು. ಎಲ್ಲರೂ ಕಾಯುತ್ತಿದ್ದರು. ಮೈಕು ಇನ್ನೂ ಅವನ ಬಾಯಿಯ ಮಟ್ಟಕ್ಕೇ ಇತ್ತು.

“ಜಯತೀರ್ಥ,” ಎಂದ. “ಜಯತೀರ್ಥ ಪ್ರಲ್ಹಾದಾಚಾರ್ಯ ಕಟ್ಟಿ.”